ಹೊರದೇಶದಲ್ಲಿ ಆಡುವವರನ್ನು ಆಲ್ ಬ್ಲ್ಯಾಕ್ಸ್ ತಂಡಕ್ಕೆ ಆರಿಸಬೇಕೇ?

ಪ್ರಶ್ನೆ: ಕೆಲಸದ ನಿಮಿತ್ತ ಕುಟುಂಬದೊಡನೆ ನ್ಯೂಜಿಲೆಂಡ್‌ನ ಹ್ಯಾಮಿಲ್ಟನ್‌ನಲ್ಲಿ ನೆಲೆಸಿದ್ದೇನೆ. ಬೆಳೆದದ್ದು ಕ್ರಿಕೆಟ್ ನೋಡುತ್ತ. ರಗ್ಬಿಯ ಹುಚ್ಚು ಹತ್ತಿದ್ದು ಇಲ್ಲಿಗೆ ಬಂದ ಮೇಲೆ. ಕಚೇರಿಯ ಗೆಳೆಯರಲ್ಲಿ 2027ರ ವಿಶ್ವಕಪ್‌ಗೆ ಆಲ್ ಬ್ಲ್ಯಾಕ್ಸ್ ಎಂಬ ಇಲ್ಲಿಯ ರಾಷ್ಟ್ರೀಯ ರಗ್ಬಿ ತಂಡದಲ್ಲಿ ಯಾರಿರಬೇಕು ಎಂಬ ವಾದ ಮುಗಿಯುವುದೇ ಇಲ್ಲ. ಜಪಾನ್, ಫ್ರಾನ್ಸ್‌ಗಳಲ್ಲಿ ಆಡುವ ನಮ್ಮವರನ್ನೂ ಆರಿಸಬೇಕು, ದಕ್ಷಿಣ ಆಫ್ರಿಕಾ ಹಾಗೆ ಮಾಡಿಯೇ ಎರಡು ವಿಶ್ವಕಪ್ ಗೆದ್ದಿತು ಎಂದು ಕೆಲವರು ಹೇಳುತ್ತಾರೆ. ದೇಶ ಬಿಟ್ಟವರಿಗೆ ಕಪ್ಪು ಜೆರ್ಸಿ ಕೊಡಬಾರದು ಎಂದು ಉಳಿದವರ ಹಟ. ಯಾರ ಮಾತು ಸರಿ? ಆಟದ ಸೂತ್ರ ಹಿಡಿಯುವ ಫ್ಲೈ-ಹಾಫ್‌ನ ಹತ್ತನೇ ಸಂಖ್ಯೆಯ ಜೆರ್ಸಿ ರಿಚಿ ಮೊಉಂಗಾಗೆ ಸಲ್ಲಬೇಕೋ, ಬೇರೆಯವರಿಗೋ? ಇಲ್ಲಿ ಅವಕಾಶ ಸಿಗದವರು ಟೊಂಗಾ, ಸಮೋವಾ ಪರವಾಗಿ ಆಡುವುದು ನ್ಯಾಯವೇ?

ಉತ್ತರ: ನಿಮ್ಮ ಗೆಳೆಯರ ಎರಡು ಪಕ್ಷಗಳಲ್ಲಿ ನಾನು ಎರಡನೆಯದರ ಹತ್ತಿರ ನಿಲ್ಲುತ್ತೇನೆ, ಆದರೆ ಅವರು ಕೊಡುವ ಕಾರಣಕ್ಕಾಗಿ ಅಲ್ಲ. ಹೊರದೇಶಕ್ಕೆ ಹೋಗುವ ಆಟಗಾರನಲ್ಲಿ ದೇಶಾಭಿಮಾನ ಕಡಿಮೆ ಎಂಬ ಮಾತು ಅನ್ಯಾಯದ್ದು. ರಗ್ಬಿ ಆಟಗಾರನ ವೃತ್ತಿಜೀವನ ಹತ್ತು ಹನ್ನೆರಡು ವರ್ಷಕ್ಕೆ ಮುಗಿಯುತ್ತದೆ, ಒಂದು ಮೊಣಕಾಲಿನ ಪೆಟ್ಟು ಅದನ್ನು ಇನ್ನೂ ಬೇಗ ಮುಗಿಸಬಲ್ಲದು. ಅಂಥವನು ಮೂವತ್ತರ ಹೊತ್ತಿಗೆ ಮಕ್ಕಳ ಭವಿಷ್ಯಕ್ಕಾಗಿ ಟೋಕಿಯೊಗೆ ಹೋದರೆ ಯಾರೂ ಆಕ್ಷೇಪಿಸುವಂತಿಲ್ಲ. ನಿಯಮವನ್ನು ಉಳಿಸಿಕೊಳ್ಳಬೇಕೆಂದು ನಾನು ಹೇಳುವುದು, ಆಲ್ ಬ್ಲ್ಯಾಕ್ಸ್ ತಂಡದ ಮುಂದಿನ ಆಟಗಾರ ಸಿದ್ಧವಾಗುವುದು ಸ್ಥಳೀಯ ಪಂದ್ಯಾವಳಿಗಳಲ್ಲಿ ಮತ್ತು ಆ ಪಂದ್ಯಾವಳಿಗಳನ್ನು ಎತ್ತಿ ಹಿಡಿದಿರುವುದು ಬಹುಮಟ್ಟಿಗೆ ಈ ನಿಯಮವೇ ಎಂಬ ಕಾರಣಕ್ಕೆ. ದೀರ್ಘಕಾಲ ಸೇವೆ ಸಲ್ಲಿಸಿದ ಕೆಲವೇ ಆಟಗಾರರಿಗಾಗಿ ಒಂದು ಕಿರಿದಾದ ಬಾಗಿಲು ತೆರೆಯುವುದಕ್ಕೆ ನನ್ನ ವಿರೋಧವಿಲ್ಲ. ಅದು ಹೇಗಿರಬೇಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಯಮ ಏನೆಂದು ಸ್ಪಷ್ಟವಾಗಲಿ, ಏಕೆಂದರೆ ವಾದಗಳಲ್ಲಿ ಅರ್ಧದಷ್ಟು ಗೊಂದಲ ಹುಟ್ಟುವುದು ಇಲ್ಲೇ. ನ್ಯೂಜಿಲೆಂಡ್ ರಗ್ಬಿ ಮಂಡಳಿಯೊಡನೆ ಒಪ್ಪಂದದಲ್ಲಿದ್ದು ದೇಶದೊಳಗೆ ಆಡುವವರಷ್ಟೇ ಆಲ್ ಬ್ಲ್ಯಾಕ್ಸ್ ಆಯ್ಕೆಗೆ ಅರ್ಹರು. ಇಂಗ್ಲೆಂಡ್ ಅಥವಾ ಫ್ರಾನ್ಸ್‌ನಲ್ಲಿ ಆಟಗಾರನಿಗೆ ಸಂಬಳ ಕೊಡುವ ಯಜಮಾನ ಕ್ಲಬ್. ಇಲ್ಲಿ ಮುಖ್ಯ ಆಟಗಾರರ ಯಜಮಾನ ಮಂಡಳಿಯೇ. ಹಾಗಾಗಿ ಒಬ್ಬ ಆಟಗಾರ ಸೂಪರ್ ರಗ್ಬಿ ಎಂಬ ಮುಖ್ಯ ಪಂದ್ಯಾವಳಿಯಲ್ಲಿ ಎಷ್ಟು ಪಂದ್ಯ ಆಡಬೇಕು, ಯಾವ ವಾರ ವಿಶ್ರಾಂತಿ ಪಡೆಯಬೇಕು ಎಂಬುದರಲ್ಲಿಯೂ ರಾಷ್ಟ್ರೀಯ ತಂಡದ ಮಾತು ನಡೆಯುತ್ತದೆ. ಇದರ ಜೊತೆಗೆ ಹಿರಿಯ ಆಟಗಾರರಿಗೆ ಒಂದು ಋತುವಿನ ಮಟ್ಟಿಗೆ ಹೊರಗೆ ಹೋಗಿ ಸಂಪಾದಿಸಿ ಮರಳುವ ರಜೆಯ ವ್ಯವಸ್ಥೆಯೂ ಇದೆ. ಡ್ಯಾನ್ ಕಾರ್ಟರ್ 2008ರ ಕೊನೆಯಲ್ಲಿ ಫ್ರಾನ್ಸ್‌ನ ಪರ್ಪಿನ್ಯಾನ್‌ಗೆ ಹೋದದ್ದು ಹೀಗೆಯೇ. ಅಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಬಂದ ಅವರ ಅನುಭವ, ಈ ರಜೆಯಲ್ಲೂ ಅಪಾಯವಿದೆ ಎಂದು ಮಂಡಳಿಗೆ ಕಲಿಸಿತು. ಬ್ರೋಡಿ ರೆಟಾಲಿಕ್, ಬೋಡನ್ ಬ್ಯಾರೆಟ್, ಆರ್ಡಿ ಸವಿಯಾ ಮೂವರೂ ಜಪಾನ್‌ನಲ್ಲಿ ಹೀಗೆ ಆಡಿ ಮರಳಿ ಬಂದು ಕಪ್ಪು ಜೆರ್ಸಿ ತೊಟ್ಟವರು. ಸ್ಯಾಮ್ ಕೇನ್ 2024ರಲ್ಲಿ ಶಾಶ್ವತವಾಗಿ ಜಪಾನ್‌ಗೆ ಹೋಗುವುದಾಗಿ ಪ್ರಕಟಿಸಿದ ಮೇಲೂ ಆ ವರ್ಷದ ಟೆಸ್ಟ್‌ಗಳನ್ನು ಆಡಿದರು. ಎಂದರೆ ನಿಯಮ ಕಲ್ಲಿನ ಗೋಡೆಯೇನೂ ಅಲ್ಲ. ಆದರೂ ಸ್ಕಾಟ್ ರಾಬರ್ಟ್‌ಸನ್ 2024ರಲ್ಲಿ ತರಬೇತುದಾರರಾದ ಹೊತ್ತಿನಲ್ಲಿ ಇನ್ನಷ್ಟು ಸಡಿಲಿಕೆ ಬೇಕೆಂದು ಬಹಿರಂಗವಾಗಿ ಕೇಳಿದಾಗ ಮಂಡಳಿ ಒಪ್ಪಲಿಲ್ಲ.

ಏಕೆ ಒಪ್ಪಲಿಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡಿ. ಬ್ಲೂಸ್, ಚೀಫ್ಸ್, ಹರಿಕೇನ್ಸ್, ಕ್ರುಸೇಡರ್ಸ್, ಹೈಲ್ಯಾಂಡರ್ಸ್ ಎಂಬ, ಸೂಪರ್ ರಗ್ಬಿ ಆಡುವ ಇಲ್ಲಿಯ ಐದು ತಂಡಗಳಲ್ಲಿ ತಲಾ ಸುಮಾರು 38 ಆಟಗಾರರಿರುತ್ತಾರೆ. ಒಟ್ಟು ಇನ್ನೂರಕ್ಕೂ ಕಡಿಮೆ. ಅವರಲ್ಲಿ ಮೇಲಿನ 30 ಮಂದಿ ಹೊರಟುಹೋದರೂ ಟೆಸ್ಟ್ ತಂಡಕ್ಕೆ ತಕ್ಷಣ ಏನೂ ಆಗುವುದಿಲ್ಲ, ಅವರನ್ನು ಕರೆಸಿಕೊಳ್ಳಬಹುದಲ್ಲ. ಪೆಟ್ಟು ಬೀಳುವುದು ಐದಾರು ವರ್ಷಗಳ ನಂತರ. ಸ್ಕ್ರಮ್ (ಎರಡು ತಂಡಗಳ ಭಾರೀ ಆಟಗಾರರು ಹೆಗಲು ಕೊಟ್ಟು ತಳ್ಳಾಡುವುದು) ಮುಂಚೂಣಿಯ ನಡುವೆ ನಿಲ್ಲುವ ಇಪ್ಪತ್ತು ವರ್ಷದ ಹೂಕರ್ ಒಬ್ಬ ಪ್ರತಿ ಮಂಗಳವಾರ ಅಭ್ಯಾಸದಲ್ಲಿ ಆಲ್ ಬ್ಲ್ಯಾಕ್ಸ್‌ನ ಕೋಡಿ ಟೇಲರ್ ಪಕ್ಕದಲ್ಲಿ ಲೈನ್-ಔಟ್ ಎಸೆತ (ಅಂಚಿನಿಂದ ಚೆಂಡನ್ನು ಒಳಗೆಸೆಯುವುದು) ಕಲಿಯುವುದಕ್ಕೂ, ಪ್ರತಿ ಶನಿವಾರ ಎದುರಾಳಿ ಪಾಳಯದಲ್ಲಿ ಹೂಕರ್‌ನ ಎರಡು ಬದಿಗೆ ನಿಲ್ಲುವ ಅನುಭವಿ ಪ್ರಾಪ್‌ಗಳ ಭಾರ ಹೊತ್ತು ಸ್ಕ್ರಮ್ ಮಾಡುವುದಕ್ಕೂ, ತನ್ನಂಥದೇ ಹುಡುಗರೊಡನೆ ಆಡುವುದಕ್ಕೂ ಅಜಗಜಾಂತರ. ದಕ್ಷಿಣ ಆಫ್ರಿಕಾದ ತಂಡಗಳು 2020ರ ನಂತರ ಸೂಪರ್ ರಗ್ಬಿ ಬಿಟ್ಟು ಯುರೋಪಿನ ಪಂದ್ಯಾವಳಿಗೆ ಹೋದಾಗಲೇ ಇಲ್ಲಿಯ ಮುಂಚೂಣಿ ಆಟಗಾರರು ವಾರವಾರವೂ ಎದುರಿಸುತ್ತಿದ್ದ ಆ ದೈತ್ಯ ಸ್ಕ್ರಮ್‌ಗಳು ಕಾಣೆಯಾದವು. ಆ ನಷ್ಟ ಈಗ ಟೆಸ್ಟ್ ಪಂದ್ಯಗಳಲ್ಲಿ ಕಣ್ಣಿಗೆ ಬೀಳುತ್ತಿದೆ ಎಂಬುದು ನನ್ನ ಅಭಿಪ್ರಾಯ. ಅದರ ಮೇಲೆ ಸ್ವದೇಶದ ಹಿರಿಯರನ್ನೂ ಕಳೆದುಕೊಂಡರೆ ಉಳಿಯುವುದು ಬಹಳ ತೆಳುವಾದ ಪಂದ್ಯಾವಳಿ.

ಭಾರತದ ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಭಯ ಅರ್ಥವಾಗುವುದು ಕಷ್ಟ, ಏಕೆಂದರೆ ಜಗತ್ತಿನ ಅತ್ಯಂತ ಶ್ರೀಮಂತ ಲೀಗ್ ನಮ್ಮಲ್ಲೇ ಇದೆ. ಸಕ್ರಿಯ ಆಟಗಾರರು ಹೊರಗಿನ ಟಿ20 ಲೀಗ್‌ಗಳಲ್ಲಿ ಆಡಬಾರದೆಂದು ಬಿಸಿಸಿಐ ತಡೆದರೆ ಆಟಗಾರನಿಗೆ ದೊಡ್ಡ ನಷ್ಟವಿಲ್ಲ. ನ್ಯೂಜಿಲೆಂಡ್ ರಗ್ಬಿಯನ್ನು ವೆಸ್ಟ್ ಇಂಡೀಸ್ ಕ್ರಿಕೆಟ್‌ನೊಡನೆ ಹೋಲಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ: ಸಣ್ಣ ಜನಸಂಖ್ಯೆ, ಅಪಾರ ಪ್ರತಿಭೆ, ಹಣವೆಲ್ಲ ಹೊರಗೆ. ಜಪಾನ್‌ನ ಕ್ಲಬ್‌ಗಳ ಹಿಂದೆ ತೊಷಿಬಾ, ಟೊಯೋಟಾ, ಸಂಟೋರಿ, ಕೋಬೆ ಸ್ಟೀಲ್‌ನಂಥ ಬೃಹತ್ ಕಂಪನಿಗಳಿವೆ. ಆ ಸಂಬಳಕ್ಕೆ ಸಂಬಳದಿಂದ ಸ್ಪರ್ಧೆ ಕೊಡಲು 50 ಲಕ್ಷಕ್ಕಿಂತ ಸ್ವಲ್ಪವೇ ಹೆಚ್ಚು ಜನರಿರುವ ದೇಶದ ರಗ್ಬಿ ಮಂಡಳಿಗೆ ಸಾಧ್ಯವಿಲ್ಲ. ಅದರ ಕೈಯಲ್ಲಿರುವ ಒಂದೇ ಒಂದು ಬಲವಾದ ಆಕರ್ಷಣೆ ಕಪ್ಪು ಜೆರ್ಸಿ. ಅದನ್ನು ಷರತ್ತಿಲ್ಲದೆ ಬಿಟ್ಟುಕೊಟ್ಟ ಮರುದಿನದಿಂದ, ಒಪ್ಪಂದದ ಮಾತುಕತೆಗೆ ಕುಳಿತ ಮಂಡಳಿಯ ಅಧಿಕಾರಿಗೆ ಆಟಗಾರನ ಮುಂದಿಡಲು ಏನೂ ಉಳಿಯುವುದಿಲ್ಲ.

ಈಗ ದಕ್ಷಿಣ ಆಫ್ರಿಕಾದ ವಿಷಯ. ನಿಮ್ಮ ಗೆಳೆಯರ ಬಳಿ ಇರುವ ಅತ್ಯಂತ ಗಟ್ಟಿಯಾದ ವಾದ ಇದೇ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆ ದೇಶವೂ 2017ರಲ್ಲಿ, 30 ಟೆಸ್ಟ್ ಆಡಿರದ ಆಟಗಾರ ಹೊರದೇಶಕ್ಕೆ ಹೋದರೆ ಆಯ್ಕೆಯಿಲ್ಲ ಎಂಬ ನಿಯಮ ತಂದಿತ್ತು. ಅದೇ ವರ್ಷ ಆಲ್ಬನಿಯಲ್ಲಿ ಆಲ್ ಬ್ಲ್ಯಾಕ್ಸ್ ಎದುರು 57-0ರ ಸೋಲು ಬಂತು. ರಾಸಿ ಎರಾಸ್ಮಸ್ ತರಬೇತುದಾರರಾಗಿ ಹೊಣೆ ಹೊತ್ತ ಮೇಲೆ ನಿಯಮ ಬಿದ್ದುಹೋಯಿತು. 2019ರ ಯೊಕೊಹಾಮಾ ಫೈನಲ್‌ನಲ್ಲಿ ಇಂಗ್ಲೆಂಡನ್ನು 32-12ರಿಂದ ಸೋಲಿಸಿದ ತಂಡದಲ್ಲಿ ಇಂಗ್ಲೆಂಡ್‌ನ ಕ್ಲಬ್‌ನಲ್ಲಿ ಆಡುತ್ತಿದ್ದ ಫಾಫ್ ಡಿ ಕ್ಲರ್ಕ್ ಇದ್ದರು, ಫ್ರಾನ್ಸ್‌ನ ಟುಲೂಸ್‌ನಲ್ಲಿ ಆಡುತ್ತಿದ್ದ ಚೆಸ್ಲಿನ್ ಕೋಲ್ಬೆ ಇದ್ದರು. 2023ರ ಅಕ್ಟೋಬರ್ 28ರಂದು ಪ್ಯಾರಿಸ್ ಬಳಿಯ ಸ್ಟಾಡ್ ಡಿ ಫ್ರಾನ್ಸ್‌ನಲ್ಲಿ ಆಲ್ ಬ್ಲ್ಯಾಕ್ಸ್ 12-11ರಿಂದ ಸೋತಾಗ, ಎದುರಾಳಿಯ ಹನ್ನೆರಡೂ ಅಂಕಗಳನ್ನು ಕಾಲಿನಿಂದ ಗಳಿಸಿದವರು ಇಂಗ್ಲೆಂಡ್‌ನ ಲೆಸ್ಟರ್ ಕ್ಲಬ್‌ನ ಹ್ಯಾಂಡ್ರೆ ಪೊಲಾರ್ಡ್. ಅವರು ಮೂಲ ತಂಡದಲ್ಲಿ ಇರಲೇ ಇಲ್ಲ; ಹೂಕರ್ ಮಾಲ್ಕಮ್ ಮಾರ್ಕ್ಸ್ ಗಾಯಗೊಂಡ ಮೇಲೆ ಸೇರಿಕೊಂಡವರು.

ಆದರೆ ಈ ಗೆಲುವುಗಳನ್ನು ಆಯ್ಕೆ ನಿಯಮದ ಖಾತೆಗೆ ಪೂರ್ತಿ ಬರೆದುಬಿಡುವುದು ತಪ್ಪು ಲೆಕ್ಕ. ದಕ್ಷಿಣ ಆಫ್ರಿಕಾದ ಜನಸಂಖ್ಯೆ ಆರು ಕೋಟಿಗೂ ಹೆಚ್ಚು. ಬ್ಲೂಮ್‌ಫಾಂಟೇನ್‌ನ ಗ್ರೇ ಕಾಲೇಜು, ಪಾರ್ಲ್‌ನ ಶಾಲೆಗಳು ಪ್ರತಿ ವರ್ಷ ಹೊರಹಾಕುವ ಹದಿನೆಂಟರ ಹುಡುಗರ ಸಂಖ್ಯೆ ಮತ್ತು ದೇಹಗಾತ್ರ ಎರಡೂ ನ್ಯೂಜಿಲೆಂಡ್‌ಗೆ ಎಟುಕುವಂಥದ್ದಲ್ಲ. ಒಬ್ಬ ಪ್ರಾಪ್ ಹೋದರೆ ಆ ಜಾಗಕ್ಕೆ ಮೂವರು ಕಾದಿರುತ್ತಾರೆ. ಹಿರಿಯರು ಚದುರಿಹೋದ ಮೇಲೂ ಸ್ಟಾರ್ಮರ್ಸ್, ಬುಲ್ಸ್ ತಂಡಗಳು ಯುರೋಪಿನ ಪಂದ್ಯಾವಳಿಯ ಫೈನಲ್ ತಲುಪುತ್ತಿರುವುದು ಆ ಆಳದಿಂದಲೇ. ಮೇಲಾಗಿ ಅವರು ಆ ನಿಯಮ ಬಿಟ್ಟದ್ದು ಸ್ವಂತ ಇಚ್ಛೆಯಿಂದ ಎನ್ನುವುದಕ್ಕಿಂತ ಅವರ ನಾಣ್ಯವಾದ ರ‍್ಯಾಂಡ್‌ನ ದುರ್ಬಲ ಮೌಲ್ಯದಿಂದ. ಆಟಗಾರರು ಆಗಲೇ ಹೊರಟುಹೋಗಿದ್ದರು, ನಿಯಮ ಯಾರನ್ನೂ ತಡೆಯುತ್ತಿರಲಿಲ್ಲ. ನ್ಯೂಜಿಲೆಂಡ್‌ನಲ್ಲಿ ನಿಯಮ ಇಂದಿಗೂ ತಡೆಯುತ್ತಿದೆ. ಕೆಲಸ ಮಾಡುತ್ತಿರುವ ಅಣೆಕಟ್ಟನ್ನು, ಪಕ್ಕದ ಊರಿನ ಒಡೆದ ಅಣೆಕಟ್ಟಿನ ಕೆಳಗೂ ಬೆಳೆ ಚೆನ್ನಾಗಿ ಬಂದಿದೆ ಎಂದು ನಾವೇ ಒಡೆಯಬೇಕಾಗಿಲ್ಲ.

ನಿಯಮದ ಎರಡೂ ಬದಿಗಳನ್ನು ಒಂದೇ ಪಂದ್ಯಾವಳಿಯಲ್ಲಿ ನೋಡಬೇಕೆಂದರೆ 2015ರ ವಿಶ್ವಕಪ್ಪಿಗಿಂತ ಒಳ್ಳೆಯ ಪಾಠವಿಲ್ಲ. ಸ್ಟೆಫನ್ ಆರ್ಮಿಟೇಜ್ ಎಂಬ ಇಂಗ್ಲಿಷ್ ಫ್ಲ್ಯಾಂಕರ್ (ಸ್ಕ್ರಮ್‌ನ ಅಂಚಿನಲ್ಲಿ ನಿಲ್ಲುವ ಆಟಗಾರ) ಫ್ರಾನ್ಸ್‌ನ ಟೂಲಾನ್ ಕ್ಲಬ್‌ನಲ್ಲಿ ಆಡಿ 2014ರಲ್ಲಿ ಯುರೋಪಿನ ವರ್ಷದ ಆಟಗಾರ ಪ್ರಶಸ್ತಿ ಪಡೆದಿದ್ದರು. ಅಸಾಧಾರಣ ಸಂದರ್ಭ ಬಿಟ್ಟು ಹೊರದೇಶದಲ್ಲಿ ಆಡುವವರನ್ನು ಆರಿಸುವುದಿಲ್ಲ ಎಂಬ ನಿಯಮವನ್ನು ಹಿಡಿದು ಇಂಗ್ಲೆಂಡ್ ಅವರನ್ನು ಬಿಟ್ಟಿತು. ಆಸ್ಟ್ರೇಲಿಯಾ ಅದೇ ವರ್ಷದ ಏಪ್ರಿಲ್‌ನಲ್ಲಿ ತನ್ನ ನಿಯಮ ಬದಲಿಸಿ, 60 ಟೆಸ್ಟ್ ಆಡಿದ ಮತ್ತು ಏಳು ವರ್ಷ ಸ್ವದೇಶದಲ್ಲಿ ದುಡಿದ ಆಟಗಾರನನ್ನು ಎಲ್ಲಿದ್ದರೂ ಕರೆಯಬಹುದು ಎಂದಿತು. ಮ್ಯಾಟ್ ಗಿಟೋ, ಡ್ರೂ ಮಿಚೆಲ್ ಇಬ್ಬರೂ ಅದೇ ಟೂಲಾನ್‌ನಿಂದ ಬಂದರು. ಲಂಡನ್‌ನ ಟ್ವಿಕನಮ್‌ನಲ್ಲಿ ಎರಡು ತಂಡಗಳೂ ಎದುರಾದಾಗ, ಚೆಂಡಿಗಾಗಿ ನೆಲದಲ್ಲಿ ನಡೆಯುವ ಹೋರಾಟದಲ್ಲಿ ಆಸ್ಟ್ರೇಲಿಯಾದ ಡೇವಿಡ್ ಪೊಕಾಕ್ ಮತ್ತು ಮೈಕೆಲ್ ಹೂಪರ್ ಇಂಗ್ಲೆಂಡನ್ನು ಸುಲಿದುಹಾಕಿದರು. ಆರ್ಮಿಟೇಜ್ ಪರಿಣತಿ ಇದ್ದದ್ದು ಸರಿಯಾಗಿ ಆ ಕೆಲಸದಲ್ಲೇ. 33-13ರ ಆ ಸೋಲಿನ ಕೊನೆಯ ಟ್ರೈ (ಗೆರೆಯಾಚೆ ಚೆಂಡು ನೆಲಕ್ಕೂರಿ ಅಂಕ ಗಳಿಸುವುದು) ಗಿಟೋ ಅವರದು; ಆತಿಥೇಯ ಇಂಗ್ಲೆಂಡ್ ಗುಂಪು ಹಂತದಲ್ಲೇ ಹೊರಬಿತ್ತು. ಕಥೆ ಇಲ್ಲಿಗೆ ನಿಂತಿದ್ದರೆ ಸಡಿಲಿಕೆಯ ಪಕ್ಷ ಗೆದ್ದಂತೆಯೇ. ಆದರೆ ಫೈನಲ್‌ನಲ್ಲಿ ಅದೇ ಆಸ್ಟ್ರೇಲಿಯಾವನ್ನು 34-17ರಿಂದ ಸೋಲಿಸಿದ್ದು, ಪ್ರತಿಯೊಬ್ಬ ಆಟಗಾರನನ್ನೂ ಸ್ವದೇಶದ ಪಂದ್ಯಾವಳಿಗಳಿಂದಲೇ ಆರಿಸಿದ್ದ ನ್ಯೂಜಿಲೆಂಡ್. ಎರಡು ಒಳ್ಳೆಯ ಹೆಸರುಗಳನ್ನು ಸೇರಿಸಿಕೊಂಡು ಒಂದು ತಂಡವನ್ನು ಫೈನಲ್‌ವರೆಗೆ ಒಯ್ಯಬಹುದು. 23 ಜನರೂ ಒಂದೇ ಲಯದಲ್ಲಿ ಬೆಳೆದ ತಂಡದ ಬಲ ಬೇರೆಯೇ.

ಆಸ್ಟ್ರೇಲಿಯಾದಲ್ಲಿ ಮುಂದೆ ಏನಾಯಿತೆಂಬುದನ್ನೂ ಗಮನಿಸಬೇಕು. ಒಮ್ಮೆ ಸಡಿಲವಾದ ನಿಯಮ ಪ್ರತಿ ತರಬೇತುದಾರನ ಕಾಲದಲ್ಲೂ ಬದಲಾಗುತ್ತ ಹೋಯಿತು. 2023ರಲ್ಲಿ ತರಬೇತುದಾರ ಎಡ್ಡಿ ಜೋನ್ಸ್, ಫ್ರಾನ್ಸ್‌ನ ಲಾ ರೋಶೆಲ್‌ನಲ್ಲಿ ಆಡುತ್ತಿದ್ದ ವಿಲ್ ಸ್ಕೆಲ್ಟನ್‌ಗೆ ನಾಯಕತ್ವವನ್ನೇ ಕೊಟ್ಟರು. ಅವರು ಬೇಗ ಗಾಯಗೊಂಡರು, ಫಿಜಿ ಮತ್ತು ವೇಲ್ಸ್ ಎದುರು ಸೋತ ಆಸ್ಟ್ರೇಲಿಯಾ ಮೊದಲ ಬಾರಿಗೆ ಗುಂಪು ಹಂತದಲ್ಲಿ ಹೊರಬಿತ್ತು. 2025ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್‌ನ ಜಂಟಿ ತಂಡವಾದ ಲಯನ್ಸ್ ಎದುರಿನ ಸರಣಿಯಲ್ಲಿ ಅದೇ ಸ್ಕೆಲ್ಟನ್ ಎರಡನೇ ಟೆಸ್ಟ್‌ಗೆ ಮರಳಿದಾಗ ಇಡೀ ತಂಡದ ನಡೆ ಬದಲಾಯಿತು ಎಂಬುದೂ ನಿಜವೇ. ವೇಲ್ಸ್ ಇನ್ನೊಂದು ಉದಾಹರಣೆ: 60 ಟೆಸ್ಟ್‌ಗಳ ಮಿತಿಯನ್ನು 2023ರಲ್ಲಿ, ಆಟಗಾರರು ಮುಷ್ಕರದ ಮಾತೆತ್ತಿದ ಮೇಲೆ, 25ಕ್ಕೆ ಇಳಿಸಿತು. ಆಯ್ಕೆಯ ವ್ಯಾಪ್ತಿ ಹಿಗ್ಗಿತು, ತಂಡವೇನೂ ಸುಧಾರಿಸಲಿಲ್ಲ. ಸತತ 18 ಟೆಸ್ಟ್ ಸೋತು, 2025ರ ಜುಲೈನಲ್ಲಿ ಕೋಬೆಯಲ್ಲಿ ಜಪಾನ್ ವಿರುದ್ಧ ಕಡೆಗೂ ಗೆದ್ದಿತು. ಅಲ್ಲಿ ಸೊರಗಿದ್ದು ಪ್ರಾಂತೀಯ ತಂಡಗಳು, ಆಯ್ಕೆಯ ನಿಯಮ ಅದಕ್ಕೆ ಮದ್ದಾಗಲಿಲ್ಲ.

ಸಡಿಲಿಕೆ ಬೇಕೆನ್ನುವವರು ಸಾಮಾನ್ಯವಾಗಿ ಜಪಾನ್ ಮತ್ತು ಫ್ರಾನ್ಸ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆಯ್ಕೆದಾರರ ದೃಷ್ಟಿಯಿಂದ ಅವು ಬೇರೆ ಬೇರೆ ಲೋಕಗಳು. ಜಪಾನ್‌ನ ಲೀಗ್ ಡಿಸೆಂಬರ್‌ನಲ್ಲಿ ಶುರುವಾಗಿ ಜೂನ್ ಆರಂಭದ ಹೊತ್ತಿಗೆ ಮುಗಿಯುತ್ತದೆ. ಮೊದಲ ದರ್ಜೆಯಲ್ಲಿ ಪ್ರತಿ ತಂಡಕ್ಕೆ 18 ಲೀಗ್ ಪಂದ್ಯ. ಜುಲೈನ ಟೆಸ್ಟ್‌ಗಳಿಗೆ ಆಟಗಾರ ದಣಿಯದೆ ಬರುತ್ತಾನೆ. ಫ್ರಾನ್ಸ್‌ನ ಟಾಪ್ 14ರಲ್ಲಿ 26 ಸುತ್ತುಗಳು, ಅದರ ಮೇಲೆ ಯುರೋಪಿನ ಕಪ್, ಜೂನ್ ಕೊನೆಯವರೆಗೂ ಬಿಡುವಿಲ್ಲ. ವಿಶ್ವ ರಗ್ಬಿ ಸಂಸ್ಥೆಯ ನಿಯಮದಂತೆ ನಿಗದಿತ ಟೆಸ್ಟ್ ಅವಧಿಯಲ್ಲಿ ಕ್ಲಬ್ ಆಟಗಾರನನ್ನು ಬಿಡಲೇಬೇಕು ಎಂಬುದು ನಿಜ, ಆದರೆ ಆ ಅವಧಿಯ ಹೊರಗಿನ ಶಿಬಿರ, ವಿಶ್ರಾಂತಿ, ಗಾಯದ ಆರೈಕೆ ಯಾವುದರ ಮೇಲೂ ದೇಶದ ಮಂಡಳಿಗೆ ಅಧಿಕಾರವಿಲ್ಲ. ದಕ್ಷಿಣ ಆಫ್ರಿಕಾದ ಅನುಭವಿಗಳಲ್ಲಿ ಹಲವರು ಜಪಾನ್ ಆರಿಸಿಕೊಂಡದ್ದು ಸಂಬಳಕ್ಕಷ್ಟೇ ಅಲ್ಲ, ಮೈಗೆ ಬೀಳುವ ಪೆಟ್ಟು ಕಡಿಮೆ ಎಂಬುದಕ್ಕೂ ಹೌದು. ಪೀಟರ್-ಸ್ಟೆಫ್ ಡು ಟಾಯ್, ಡೇಮಿಯನ್ ಡಿ ಅಲೆಂಡೆ ಮೂವತ್ತು ದಾಟಿದ ಮೇಲೂ ಟೆಸ್ಟ್ ರಗ್ಬಿಯ ತುದಿಯಲ್ಲಿ ನಿಂತದ್ದರಲ್ಲಿ ಆ ಕ್ಯಾಲೆಂಡರ್‌ನ ಪಾಲು ದೊಡ್ಡದೆಂದು ನಾನು ನಂಬುತ್ತೇನೆ. ಇನ್ನೊಂದು ಕಡೆ, ಜಪಾನ್‌ನ ಆಟ ವೇಗವಾದದ್ದು, ಬಯಲು ಬಯಲಾದದ್ದು. ಟೆಸ್ಟ್‌ನಲ್ಲಿ ಎದುರಾಳಿಯ ರಕ್ಷಣಾ ಸಾಲು ಎರಡು ಹೆಜ್ಜೆ ಮುಂದೆ ನುಗ್ಗಿ ಬಂದು ಕಸಿಯುವ ಕಾಲಾವಕಾಶ ಅಲ್ಲಿ ಸಿಗುತ್ತದೆ. ಅಲ್ಲಿಂದ ನೇರವಾಗಿ ಟೆಸ್ಟ್‌ಗೆ ಇಳಿಯುವ ಫ್ಲೈ-ಹಾಫ್‌ಗೆ ಕೆಲವು ವಾರಗಳ ಹೊಂದಾಣಿಕೆ ಬೇಕೇ ಬೇಕು.

ನಿಯಮ ಬಿಗಿಯಾಗಿದ್ದರೆ ಏನು ಲಾಭ ಎಂದು ಕೇಳುವವರಿಗೆ, ಸ್ಕ್ರಮ್‌ನಿಂದ ಚೆಂಡು ತೆಗೆದು ಹಂಚುವ ಸ್ಕ್ರಮ್-ಹಾಫ್ ಜಾಗ ತೋರಿಸಿ. ಆರನ್ ಸ್ಮಿತ್ 125 ಟೆಸ್ಟ್ ಆಡಿ 2023ರ ವಿಶ್ವಕಪ್ ನಂತರ ಜಪಾನ್‌ಗೆ ಹೋದರು; ಟಿಜೆ ಪೆರೆನಾರಾ 2024ರ ಕೊನೆಯಲ್ಲಿ ಹೊರಟರು. ಕರೆಸಿಕೊಳ್ಳುವ ಅವಕಾಶವಿದ್ದಿದ್ದರೆ ಸ್ಮಿತ್ ಅವರಂಥ ಆಟಗಾರನನ್ನು ಯಾವ ತರಬೇತುದಾರ ಬಿಡುತ್ತಿದ್ದ? ಅವರಿಲ್ಲದ ಕಾರಣಕ್ಕೆ ಕ್ಯಾಮ್ ರೋಯ್ಗಾರ್ಡ್, ನಿಮ್ಮ ಊರಿನ ಚೀಫ್ಸ್‌ನ ಕೊರ್ಟೆಜ್ ರತಿಮಾ, ಕ್ರುಸೇಡರ್ಸ್‌ನ ನೋವಾ ಹೋಥಮ್ ಮೂವರಿಗೂ ಟೆಸ್ಟ್‌ನ ಬಿಸಿ ತಾಗಿತು. ರೋಯ್ಗಾರ್ಡ್ ಇಂದು ತಂಡದ ಮೊದಲ ಹೆಸರುಗಳಲ್ಲಿ ಒಂದು, 2027ರಲ್ಲಿ ಅವರಿಗೆ ಇನ್ನೂ 26 ವರ್ಷ.

ಆದರೆ ಅದೇ ನಿಯಮ ಫ್ಲೈ-ಹಾಫ್ ಜಾಗದಲ್ಲಿ ಹೊಸಬನನ್ನು ಹುಟ್ಟಿಸಲಿಲ್ಲ. ಮೊಉಂಗಾ 2023ರ ನಂತರ ತೊಷಿಬಾಗೆ ಹೋದಾಗ ಆ ಜಾಗವನ್ನು ತುಂಬಿದವರು 2012ರಲ್ಲೇ ಟೆಸ್ಟ್‌ಗೆ ಬಂದಿದ್ದ ಬೋಡನ್ ಬ್ಯಾರೆಟ್ ಮತ್ತು 2016ರಲ್ಲಿ ಬಂದಿದ್ದ ಡೇಮಿಯನ್ ಮೆಕೆಂಜಿ. ಭರವಸೆ ಮೂಡಿಸಿದ್ದ ಹ್ಯಾರಿ ಪ್ಲಮ್ಮರ್ ಫ್ರಾನ್ಸ್‌ನ ಕ್ಲರ್ಮಾಂಟ್‌ಗೆ ಹೋದರು. ಹಾಗಾಗಿ ನಿಯಮವನ್ನು ಬೆಂಬಲಿಸುವವರು, ಜಾಗ ಖಾಲಿಯಾದರೆ ಸಾಕು ಹುಡುಗ ತಾನಾಗಿ ಬೆಳೆಯುತ್ತಾನೆ ಎಂದು ಹೇಳಬಾರದು. ಸ್ಕ್ರಮ್-ಹಾಫ್‌ಗಳಿಗೆ ಟೆಸ್ಟ್‌ನ ನಿಮಿಷಗಳನ್ನು ಕೊಟ್ಟ ತರಬೇತುದಾರರು ಫ್ಲೈ-ಹಾಫ್‌ಗಳಿಗೆ ಕೊಡಲಿಲ್ಲ. ಪ್ರತಿ ಪಂದ್ಯವನ್ನೂ ಗೆಲ್ಲಲೇಬೇಕೆಂಬ ಒತ್ತಡದಲ್ಲಿ ಪರಿಚಿತ ಕೈಗೇ ಚೆಂಡು ಕೊಟ್ಟರು.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಮೊಉಂಗಾ 2025ರಲ್ಲಿ ಮರಳಿ ಬರುವ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ: 2026ರಲ್ಲಿ ಜಪಾನ್‌ನ ಋತು ಮುಗಿಸಿ ಕ್ಯಾಂಟರ್ಬರಿ ಪ್ರಾಂತ್ಯದ ಪರ, 2027ರಲ್ಲಿ ಕ್ರುಸೇಡರ್ಸ್ ಪರ. ಎಂದರೆ ಅವರ ಮಟ್ಟಿಗೆ ನಿಯಮದ ಪ್ರಶ್ನೆ ಬಗೆಹರಿದಂತೆಯೇ. ಜೆರ್ಸಿಯ ಆಕರ್ಷಣೆ ಇನ್ನೂ ಕೆಲಸ ಮಾಡುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ. ಉಳಿದದ್ದು ಆಟದ ಪ್ರಶ್ನೆ. 2027ರ ಅಕ್ಟೋಬರ್‌ನಲ್ಲಿ ಮೊಉಂಗಾಗೆ 33, ಮೆಕೆಂಜಿಗೆ 32, ಬ್ಯಾರೆಟ್‌ಗೆ 36 ವರ್ಷವಾಗಿರುತ್ತದೆ. ಮೂವತ್ತಮೂರು ದೊಡ್ಡ ವಯಸ್ಸಲ್ಲ. ಕಾರ್ಟರ್ ಅದೇ ವಯಸ್ಸಿನಲ್ಲಿ 2015ರ ಫೈನಲ್ ಆಡಿ ಅದನ್ನು ತಮ್ಮದಾಗಿಸಿಕೊಂಡರು. ಮೊಉಂಗಾ ಇದ್ದ ಕ್ರುಸೇಡರ್ಸ್ 2017ರಿಂದ 2023ರವರೆಗೆ ಏಳು ವರ್ಷವೂ ಪ್ರಶಸ್ತಿ ಗೆದ್ದಿತು, ಜಪಾನ್‌ನಲ್ಲಿ ತೊಷಿಬಾ ಅವರೊಡನೆ ಸತತ ಎರಡು ಬಾರಿ ಗೆದ್ದಿತು. ದೊಡ್ಡ ಪಂದ್ಯವನ್ನು ಹಿಡಿತದಲ್ಲಿಟ್ಟುಕೊಳ್ಳುವ ಗುಣ ಅವರಲ್ಲಿದೆ ಎಂಬುದರಲ್ಲಿ ಸಂದೇಹವಿಲ್ಲ.

ಅಭಿಮಾನಿಗಳು ಒಬ್ಬನ ಹೆಸರನ್ನು ಇನ್ನೊಬ್ಬನ ಹೆಸರಿನೊಡನೆ ತೂಗುತ್ತಾರೆ. ಆಯ್ಕೆದಾರ ತೂಗುವುದು ಜೋಡಣೆಗಳನ್ನು. ಕಳೆದ ವಿಶ್ವಕಪ್‌ನಲ್ಲಿ ತಂಡದ ಗಾತ್ರ 33. ಅಲ್ಲಿಗೆ ಈ ಮೂವರೂ ಹೋಗಿದ್ದರು, ಏಕೆಂದರೆ ಬ್ಯಾರೆಟ್ ಎಲ್ಲರ ಹಿಂದೆ ನಿಲ್ಲುವ ಫುಲ್‌ಬ್ಯಾಕ್ ಜಾಗದಲ್ಲಿ, ಹದಿನೈದನೇ ಜೆರ್ಸಿಯಲ್ಲಿ ಆಡಿ ಎರಡನೇ ಸೂತ್ರಧಾರನಾಗಿದ್ದರು. ಈಗ ವಿಲ್ ಜೋರ್ಡನ್ ಫುಲ್‌ಬ್ಯಾಕ್ ಆಡುವುದಾದರೆ ಆ ಬಾಗಿಲು ಮುಚ್ಚಿತು. ಬ್ಯಾರೆಟ್ ಅಥವಾ ಮೆಕೆಂಜಿಗೆ ಉಳಿಯುವುದು ಬದಲಿ ಆಟಗಾರರ ಪೀಠ, ಅಲ್ಲಿಯ ಲೆಕ್ಕವೇ ಬೇರೆ. ಎಂಟು ಬದಲಿಗಳಲ್ಲಿ ಐವರು ಫಾರ್ವರ್ಡ್‌ಗಳು (ಸ್ಕ್ರಮ್‌ಗೆ ಇಳಿಯುವವರು), ಮೂವರು ಬ್ಯಾಕ್‌ಗಳು (ಅದರ ಹಿಂದೆ ಆಡುವವರು) ಎಂಬುದು ಹಳೆಯ ರೂಢಿ. ದಕ್ಷಿಣ ಆಫ್ರಿಕಾ 2023ರ ಫೈನಲ್‌ನಲ್ಲಿ ಏಳು ಮತ್ತು ಒಂದು ಎಂಬ ವಿಪರೀತಕ್ಕೂ ಹೋಯಿತು. ಆರು ಮತ್ತು ಎರಡು ಎಂದಿಟ್ಟುಕೊಂಡರೆ, ಇಬ್ಬರು ಬ್ಯಾಕ್‌ಗಳಲ್ಲಿ ಒಬ್ಬ ಸ್ಕ್ರಮ್-ಹಾಫ್ ಆಗಿರಲೇಬೇಕು. ಉಳಿದ ಒಬ್ಬನೇ ಹತ್ತರಿಂದ ಹದಿನೈದರವರೆಗಿನ ಎಲ್ಲ ಜಾಗಗಳಿಗೂ ಒದಗಬೇಕು. ಹತ್ತರಲ್ಲೂ ಹದಿನೈದರಲ್ಲೂ ಟೆಸ್ಟ್ ಆಡಿರುವ, ದಣಿದ ರಕ್ಷಣೆಯ ಎದುರು ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಅತ್ಯಂತ ಅಪಾಯಕಾರಿಯಾದ ಮೆಕೆಂಜಿ ಅದಕ್ಕೆ ಹೇಳಿ ಮಾಡಿಸಿದವರು. ಆದ್ದರಿಂದ 2027ರ ಸೂಪರ್ ರಗ್ಬಿಯಲ್ಲಿ ಲಯ ಕಂಡುಕೊಂಡರೆ ಮೊಉಂಗಾ ಆರಂಭದಲ್ಲಿ, ಮೆಕೆಂಜಿ ಪೀಠದಲ್ಲಿ. ಇದು ನನ್ನ ಆಯ್ಕೆ. ಮೂರನೆಯ ಸ್ಥಾನಕ್ಕೆ ನಾನು ಬ್ಯಾರೆಟ್‌ಗಿಂತ ಹರಿಕೇನ್ಸ್‌ನ ರೂಬೆನ್ ಲವ್ ಅವರಂಥ ಕಿರಿಯರನ್ನು ಕರೆದೊಯ್ಯುತ್ತೇನೆ. ಬ್ಯಾರೆಟ್ ಈ ಪೀಳಿಗೆಯ ಅತ್ಯಂತ ಪ್ರತಿಭಾವಂತ ಆಟಗಾರರಲ್ಲಿ ಒಬ್ಬರು, ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ.

ಮೂರನೆಯ, ನಾಲ್ಕನೆಯ ಹೆಸರಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಅನಿಸಬಹುದು. 2011ರಲ್ಲಿ ಕಾರ್ಟರ್ ಗಾಯಗೊಂಡರು, ಕಾಲಿನ್ ಸ್ಲೇಡ್ ಗಾಯಗೊಂಡರು, ಫೈನಲ್‌ನಲ್ಲೇ ಆರನ್ ಕ್ರುಡನ್ ಗಾಯಗೊಂಡರು. ತಂಡದಿಂದ ಹೊರಗಿದ್ದು ನದಿಯಲ್ಲಿ ಮೀನು ಹಿಡಿಯುತ್ತಿದ್ದಾಗ ಕರೆ ಬಂದಿದ್ದ ಸ್ಟೀಫನ್ ಡೊನಾಲ್ಡ್ ಈಡನ್ ಪಾರ್ಕ್‌ನಲ್ಲಿ ಒದ್ದ ಪೆನಾಲ್ಟಿಯಿಂದ ನ್ಯೂಜಿಲೆಂಡ್ 8-7ರಿಂದ ಫ್ರಾನ್ಸನ್ನು ಸೋಲಿಸಿತು. ಆ ನಾಲ್ಕನೆಯ ಫ್ಲೈ-ಹಾಫ್ ದೇಶದೊಳಗೇ ಇದ್ದ, ತಂಡದ ಸಂಕೇತಗಳು ಅವನಿಗೆ ಗೊತ್ತಿದ್ದವು. ಆಳ ಎಂದು ನಾವು ಕರೆಯುವುದು ಇದನ್ನೇ.

ನಿಮ್ಮ ಗೆಳೆಯರ ವಾದದಲ್ಲಿ ಹತ್ತನೇ ಜೆರ್ಸಿಗೆ ಸಿಗುವ ಸಮಯದ ಕಾಲುಭಾಗವಾದರೂ ಸ್ಕ್ರಮ್‌ನ ಮುಂಚೂಣಿಗೆ ಸಿಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ವೆಲ್ಲಿಂಗ್ಟನ್‌ನಲ್ಲಿ ದಕ್ಷಿಣ ಆಫ್ರಿಕಾ 43-10ರಿಂದ ಗೆದ್ದದ್ದು, ಆಲ್ ಬ್ಲ್ಯಾಕ್ಸ್ ಇತಿಹಾಸದ ಅತಿ ದೊಡ್ಡ ಸೋಲು, ಫ್ಲೈ-ಹಾಫ್ ಯಾರೆಂಬ ಕಾರಣಕ್ಕೆ ಅಲ್ಲ. ದ್ವಿತೀಯಾರ್ಧದಲ್ಲಿ ಎದುರಾಳಿಯ ಭಾರ ತಡೆಯಲಾಗಲಿಲ್ಲ. ಹೂಕರ್ ಕೋಡಿ ಟೇಲರ್‌ಗೆ 2027ರಲ್ಲಿ 36. ಚೀಫ್ಸ್‌ನ ಸಮಿಸೋನಿ ತೌಕೆಯಾಹೊ ಆ ಹೊತ್ತಿಗೆ ಮೂವತ್ತರ ಪ್ರೌಢಾವಸ್ಥೆಯಲ್ಲಿರುತ್ತಾರೆ. ಪ್ರಾಪ್‌ಗಳು ಮಾಗುವುದು ಇಪ್ಪತ್ತೇಳು ಇಪ್ಪತ್ತೆಂಟರ ನಂತರ, ಹೊರದೇಶದ ಕ್ಲಬ್‌ಗಳು ಬಲೆ ಬೀಸುವುದೂ ಸರಿಯಾಗಿ ಆ ವಯಸ್ಸಿಗೆ. ಮಂಡಳಿ ಹಣ ಸುರಿಯಬೇಕಾದದ್ದು ಅಲ್ಲಿ. ಹದಿಹರೆಯದಲ್ಲಿ ನೆದರ್ಲೆಂಡ್ಸ್‌ನಿಂದ ಬಂದು ಇಲ್ಲಿಯೇ ಬೆಳೆದು 2025ರಲ್ಲಿ ಡನೀಡಿನ್‌ನಲ್ಲಿ ಮೊದಲ ಟೆಸ್ಟ್ ಆಡಿದ ಲಾಕ್ (ಸ್ಕ್ರಮ್‌ನ ಎರಡನೇ ಸಾಲಿನವ) ಫೇಬಿಯನ್ ಹಾಲೆಂಡ್, ಶಾಲೆಯಿಂದ ಪ್ರಾಂತ್ಯಕ್ಕೆ, ಪ್ರಾಂತ್ಯದಿಂದ ಹೈಲ್ಯಾಂಡರ್ಸ್‌ಗೆ ಹತ್ತಿದ ಏಣಿ ಇನ್ನೂ ಗಟ್ಟಿಯಾಗಿದೆ ಎಂಬುದಕ್ಕೆ ಉದಾಹರಣೆ.

ಇನ್ನು ನಾನು ಹೇಳಿದ ಕಿರಿದಾದ ಬಾಗಿಲು. ಅರವತ್ತಕ್ಕಿಂತ ಹೆಚ್ಚು ಟೆಸ್ಟ್ ಆಡಿರುವ ಆಟಗಾರ ಹೊರಗೆ ಹೋಗಿದ್ದರೆ, ವಿಶ್ವಕಪ್ ವರ್ಷದಲ್ಲಿ ಮಾತ್ರ, ಇಬ್ಬರಿಗೆ ಮೀರದಂತೆ, ಹಿಂದಿನ ವರ್ಷವೇ ಹೆಸರು ಪ್ರಕಟಿಸಿ ಕರೆಸಿಕೊಳ್ಳಬಹುದು. ಆ ಸಂಖ್ಯೆ ತಲುಪಿದವನು ಸ್ಥಳೀಯ ಪಂದ್ಯಾವಳಿಗೆ ತನ್ನ ಶ್ರೇಷ್ಠ ವರ್ಷಗಳನ್ನು ಕೊಟ್ಟಾಗಿರುತ್ತದೆ. ವೇಲ್ಸ್‌ನಂತೆ 25 ಎಂದಿಟ್ಟರೆ ಇಪ್ಪತ್ತನಾಲ್ಕರ ಹುಡುಗನೇ ಗಂಟು ಮೂಟೆ ಕಟ್ಟಬಹುದು. ಸಂಖ್ಯೆ ಏನೇ ಇರಲಿ, ನಾಲ್ಕು ವರ್ಷಗಳ ಅವಧಿಯ ಆರಂಭದಲ್ಲೇ ಘೋಷಿಸಿ ಮಧ್ಯೆ ಬದಲಿಸದಿರುವುದು ಮುಖ್ಯ. ಒಬ್ಬ ನಿರ್ದಿಷ್ಟ ಆಟಗಾರನಿಗಾಗಿ, ಒಂದು ನಿರ್ದಿಷ್ಟ ಸರಣಿಗಾಗಿ ನಿಯಮ ಬಗ್ಗಿಸಿದರೆ, ಕಡಿಮೆ ಸಂಬಳ ಒಪ್ಪಿ ಊರಲ್ಲೇ ಉಳಿದ ಇನ್ನೊಬ್ಬನಿಗೆ ಮಂಡಳಿ ಯಾವ ಮುಖ ತೋರಿಸುತ್ತದೆ?

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು, ಏಕೆಂದರೆ ಅಲ್ಲಿ ನನಗೆ ಅನುಮಾನವೇ ಇಲ್ಲ. 2022ರ ಆರಂಭದಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಒಂದು ದೇಶಕ್ಕೆ ಕೊನೆಯ ಬಾರಿ ಆಡಿ ಮೂರು ವರ್ಷ ಕಳೆದ ಆಟಗಾರ, ತಾನು ಅಥವಾ ತನ್ನ ತಂದೆತಾಯಿ, ಅಜ್ಜ ಅಜ್ಜಿಯರು ಹುಟ್ಟಿದ ದೇಶಕ್ಕೆ ಒಂದು ಬಾರಿ ಬದಲಾಗಬಹುದು. ಚಾರ್ಲ್ಸ್ ಪಿಯುಟೌ ಅಲ್‌ಸ್ಟರ್ ಕ್ಲಬ್‌ಗೆ ಸಹಿ ಹಾಕಿ 2015ರ ವಿಶ್ವಕಪ್ ಕಳೆದುಕೊಂಡರು, 2023ರಲ್ಲಿ ಟೊಂಗಾ ಪರವಾಗಿ ವಿಶ್ವಕಪ್ ಆಡಿದರು. ಲಿಮಾ ಸೊಪೊವಾಗ ಸಮೋವಾ ಪರ ಆಡಿದರು. ಇಲ್ಲಿಯ ಮೈದಾನಗಳಲ್ಲಿ ಬೆಳೆದು ಆಲ್ ಬ್ಲ್ಯಾಕ್ಸ್‌ಗೆ ದುಡಿದ ಈ ದ್ವೀಪಮೂಲದ ಕುಟುಂಬಗಳ ಮಕ್ಕಳು ತಮ್ಮ ಹಿರಿಯರ ನೆಲಕ್ಕಾಗಿ ಆಡುವುದರಿಂದ ನ್ಯೂಜಿಲೆಂಡ್‌ಗೆ ಏನೂ ಕಡಿಮೆಯಾಗುವುದಿಲ್ಲ. 24 ತಂಡಗಳ 2027ರ ವಿಶ್ವಕಪ್‌ನಲ್ಲಿ ಟೊಂಗಾ, ಸಮೋವಾ ಗಟ್ಟಿಯಾಗಿ ನಿಂತರೆ ಅದು ಆಟಕ್ಕೇ ಲಾಭ, ಮತ್ತು ಆ ನಿಯಮವನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಬೇಕೆಂದು ಯಾರಾದರೂ ಕೇಳಿದರೆ ನಾನು ಅವರ ಪರವಾಗಿ ನಿಲ್ಲುತ್ತೇನೆ.